ಬಾಗಿಲ ಕೀಲು

ನಡಾವಳಿ ಬರೆಯುವುದು ನನ್ನ ಕೆಲಸ.
ಅಯಾಕುಚೊ, ಆರೋಗ್ಯ ಕಚೇರಿ, ಎರಡನೆಯ ಮಹಡಿ.
ಹತ್ತು ಗಂಟೆಯೆಂದರೆ ಹತ್ತೂಮುಕ್ಕಾಲು.
ಹಾಜರಿದ್ದವರು: ನಿರ್ದೇಶಕರು, ಲೀಮಾದಿಂದ ಬಂದ ತಜ್ಞರು,
ಕೊನೆಯ ಸಾಲಿನಲ್ಲಿ, ಹೆಸರಿನ ಚೀಟಿಯಿಲ್ಲದೆ,
'ಸಂತ್ರಸ್ತರು, ಇಬ್ಬರು'.

ಒಬ್ಬಳು ತೆಯೋಫಿಲಾ. ಬೆಟ್ಟದ ಮೇಲಿನ ಊರಿಂದ
ನಾಲ್ಕು ತಾಸು ಬಸ್ಸು, ತೊಡೆಯ ಮೇಲೆ ಹುರಿದ ಜೋಳದ ಗಂಟು.
ಇನ್ನೊಬ್ಬ ಫೋರ್ತುನಾತೊ, ಟೋಪಿ ತೆಗೆಯದವ,
ಗೋಡೆಗೆ ಬೆನ್ನು ಕೊಟ್ಟಲ್ಲದೆ ಎಲ್ಲೂ ಕೂರದವ.

ಪರದೆಯ ಮೇಲೆ ಹೊಸ ಕೇಂದ್ರದ ನಕ್ಷೆ.
ಮನಸ್ಸಿನ ಗಾಯಕ್ಕೊಂದು ಮನೆ, ಎಂದರು ತಜ್ಞರು.
ಎಲ್ಲ ತೀರ್ಮಾನವಾಗಿದೆ. ಉಳಿದದ್ದು ಗೋಡೆಯ ಬಣ್ಣ,
ಅದನ್ನು ನೀವು ಹೇಳಿ.

ತೆಯೋಫಿಲಾ ನಕ್ಕಳು.
ನಡಾವಳಿಯಲ್ಲಿ ನಗುವಿಗೆ ಕಾಲಂ ಇಲ್ಲ.
ಕೆಚುವಾದಲ್ಲಿ ಮಾತಿಗೆ ತೊಡಗಿದಳು. ದುಭಾಷಿ ಬಂದಿರಲಿಲ್ಲ.
ನನ್ನ ಅಡ್ಡಹೆಸರು ನೆನೆದು ಎಲ್ಲರೂ ನನ್ನತ್ತ ತಿರುಗಿದರು.
ಅಜ್ಜಿಯ ಒಲೆಯ ಬಳಿ ಬಿಟ್ಟುಬಂದಿದ್ದ ಭಾಷೆ
ಬೂದಿ ಕೊಡವಿಕೊಂಡು ಗಂಟಲಿಗೆ ಎದ್ದುಬಂತು.

"ಇಪ್ಪತ್ತು ವರ್ಷ ಕೇಳಿದಿರಿ, ಏನಾಯಿತು, ಯಾವ ರಾತ್ರಿ, ಎಷ್ಟು ಜನ.
ಟೇಪಿಗೆ ಹೇಳಿದೆ, ಕಾಗದಕ್ಕೆ ಹೇಳಿದೆ,
ಹೇಳಿ ಹೇಳಿ ಗಂಡ ನನ್ನ ಬಾಯಲ್ಲೇ ಸವೆದುಹೋದ.
ಏನು ಬೇಕು ಅಂತ ಇವತ್ತು ಕೇಳುತ್ತೀರಿ, ಅದೂ ಬಣ್ಣ.
ಯಾವುದಾದರೂ ಇರಲಿ, ಹಸಿರು ಬೇಡ. ಟ್ರಕ್ಕು ಹಸಿರಿತ್ತು.
ಹೆಸರು ಕೂಗಿ ಕರೆಯಬೇಡಿ. ಅವರ ಕೈಯಲ್ಲೂ ಪಟ್ಟಿಯಿತ್ತು.
ನಿದ್ದೆ ಬರುತ್ತದೆಯೇ ಎನ್ನಬೇಡಿ,
ಯಾವ ಮಗ್ಗುಲಿಗೆ ಮಲಗುತ್ತೀಯೆ ಎಂದು ಕೇಳಿ.
ಬಿಸಿಲಿಗೊಂದು ಬೆಂಚು, ಕೈಗೆ ಒಂದಿಷ್ಟು ಉಣ್ಣೆ;
ಕೈ ನೂಲುತ್ತಿದ್ದರೆ ಬಾಯಿ ತಾನೇ ಬಿಚ್ಚುತ್ತದೆ.
ಬಾಗಿಲು ಹೊರಕ್ಕೆ ತೆರೆಯಲಿ. ಚಿಲಕ ಬೇಡ."

"ಚಿಲಕ ಬೇಕು," ಅಂದ ಫೋರ್ತುನಾತೊ,
ಅಷ್ಟು ಹೊತ್ತಿಗೆ ಅವನ ಮೊದಲ ಮಾತು.
"ಒಳಗಿನಿಂದ. ನಾನೇ ಹಾಕಿಕೊಳ್ಳುವಂಥದ್ದು."
"ಆ ಸದ್ದು ಕೇಳಿದರೆ ನಾನು ಒಳಗೆ ಬರಲಾರೆ."
"ಆ ಸದ್ದಿಲ್ಲದೆ ನಾನು ಕಣ್ಣು ಮುಚ್ಚಲಾರೆ."
ಅರ್ಧ ತಾಸು ಜಗಳ.
ತಜ್ಞರು ಗಡಿಯಾರ ನೋಡಿದರು:
ಇವರಲ್ಲೇ ಒಮ್ಮತವಿಲ್ಲ, ಬರೆದುಕೊಳ್ಳಿ.
ಬರೆದುಕೊಂಡೆ: ಎರಡು ಕೋಣೆ.

ನಿರ್ದೇಶಕರು ಕನ್ನಡಕ ಒರೆಸಿದರು. ಅನುದಾನ ಇಷ್ಟೇ,
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಮ್ಮ.
"ಹಾಸಿಗೆ ಹೊಲಿಯುವಾಗ ಯಾರ ಕಾಲು ಅಳೆದಿರಿ?"
ಆಮೇಲೆ ಮೆಲ್ಲಗೆ, ನನಗೊಬ್ಬಳಿಗೇ ಎಂಬಂತೆ,
"ಲೀಮಾದ ಈ ಸಾಹೇಬರಿಗೆ ಇವತ್ತಿನ ಕೂಲಿ ಎಷ್ಟು?"
ನನಗೆ ಗೊತ್ತಿತ್ತು. ಚೀಟಿ ಟೈಪು ಮಾಡಿದವಳು ನಾನೇ.
ಇವರಿಬ್ಬರಿಗೆ ಬಿಸ್ಕತ್ತಿನ ಪೊಟ್ಟಣ, ಬರುವ ಬಸ್ಸಿನ ದುಡ್ಡು;
ಮರಳುವುದಕ್ಕೆ ಇರಲಿಲ್ಲ.
ಆ ಪ್ರಶ್ನೆಯನ್ನೂ ಅನುವಾದಿಸಿದೆ,
ಜೋರಾಗಿ.

ಆಗಸ್ಟಿನಲ್ಲಿ ಕೇಂದ್ರ ತೆರೆಯಿತು. ಗೋಡೆ ಹಳದಿ.
ಕೋಣೆ ಎರಡು. ಬೆಂಚು ಇದೆ, ನೆರಳಿನಲ್ಲಿ.
ಬಾಗಿಲು ಒಳಕ್ಕೇ ತೆರೆಯುತ್ತದೆ,
ಚೌಕಟ್ಟು ಮೊದಲೇ ಖರೀದಿಯಾಗಿತ್ತಂತೆ.

ರಿಬ್ಬನ್ನು ಕತ್ತರಿಸಿದವರು ಹೋದ ಮೇಲೆ
ಫೋರ್ತುನಾತೊ ಜೇಬಿಂದ ಸ್ಕ್ರೂಡ್ರೈವರ್ ತೆಗೆದ.
ತೆಯೋಫಿಲಾ ಹೆಗಲು ಕೊಟ್ಟು ಬಾಗಿಲ ಭಾರ ಹೊತ್ತು ನಿಂತಳು.
ಒಂದೊಂದೇ ಕೀಲು ಬಿಚ್ಚಿ, ತಿರುಗಿಸಿ,
ಬಾಗಿಲನ್ನು ಬೀದಿಗೆ ಮುಖಮಾಡಿಸಿದರು.
ಇನ್ನೊಂದು ಕೋಣೆಯ ಚಿಲಕ
ಅವನ ಇನ್ನೊಂದು ಜೇಬಿನಲ್ಲಿತ್ತು.

ನಾನು ಬೆಂಚನ್ನು ಬಿಸಿಲಿಗೆ ಎಳೆದೆ.
ಕಲ್ಲುನೆಲದ ಮೇಲೆ ಅದು ಕರ್ರೆಂದು ಕಿರುಚಿತು,
ಇಬ್ಬರೂ ಬೆಚ್ಚಿ ತಿರುಗಿದರು.
"ಎತ್ತಿ ಇಡು," ಅಂದಳು. "ಎಳೆಯಬೇಡ."

ಎತ್ತಿದೆ.
ಇದನ್ನೂ ನಡಾವಳಿಗೆ ಸೇರಿಸಿದ್ದೇನೆ.