ಟೋಕನ್ ನಂಬರು

ಬೆಳಗ್ಗೆ ಬೆರಳು ಮಡಚುವುದಿಲ್ಲ.
ಫಾಲ್ ಹೊಲಿಯುವ ಸೂಜಿ ಕೈಜಾರಿದರೆ
ಎತ್ತಿಕೊಡಲು ಪಕ್ಕದ ಮನೆಯ ಫರ್ಜಾನಾ ಬರಬೇಕು.
ಒಂಬತ್ತರ ಹೊತ್ತಿಗೆ ಒಂದಿಷ್ಟು ಸಡಿಲ,
ಆಮೇಲೆ ಚಹಾ.

ದೊಡ್ಡಾಸ್ಪತ್ರೆಯ ಹುಡುಗಿ ಡಾಕ್ಟರು
ಚೀಟಿಯ ಬೆನ್ನಿಗೆ ಚಿತ್ರ ಬರೆದಳು:
ಗೀಟು ಅಂದರೆ ಕೀಲು, ಸುತ್ತ ಚುಕ್ಕಿಗಳು ಕಾವಲು.
"ಹೊರಗಿನ ಹುಳ ಯಾವುದೂ ಅಲ್ಲ ಅಮ್ಮಾ,
ನಿಮ್ಮ ರಕ್ತವೇ ನಿಮ್ಮ ಗುರುತು ಮರೆತಿದೆ."

ಹಳೇ ದಾವಣಗೆರೆಯ ಮಿಲ್ಲಿನ ಗೇಟು.
ಅಪ್ಪ, ಖಾಕಿ, ಹಿತ್ತಾಳೆ ಬಿಲ್ಲೆ.
ಪಾಳಿ ಮುಗಿದವರ ಬುತ್ತಿ ಬಿಚ್ಚಿಸಿ ನೋಡುವನು,
ಅವ್ವನದನ್ನೂ.
ಒಂದು ದಿನ ಸಿಕ್ಕೇಬಿಟ್ಟಿತು
ದೀಪದ ಬತ್ತಿಗೆಂದು ಹಿಡಿ ಹತ್ತಿ.
ಬರೆಸಿದ ದಫ್ತರದಲ್ಲಿ,
ಹೆಂಡತಿ ಅಂತಲ್ಲ, ಟೋಕನ್ ನಂಬರು.
ವಾರದ ಪಗಾರ ಹೋಯಿತು, ಒಲೆ ಹೊತ್ತಲಿಲ್ಲ.
ಅವನೂ ಉಪವಾಸವೇ ಮಲಗಿದ.

"ಈಚೆಗೆ ತಿಳಿದದ್ದು," ಅಂದಳು ಹುಡುಗಿ,
"ಕಾವಲಿನವರಲ್ಲೇ ಬೇರೆ ಒಂದು ಪಂಗಡ ಇದೆ.
ಹೊಡೆಯುವುದಕ್ಕಲ್ಲ,
ಹೊಡೆಯುವ ಕೈ ಹಿಡಿಯುವುದಕ್ಕೆ.
ನಿಮ್ಮಲ್ಲಿ ಅವರ ದನಿ ಸಣ್ಣಗಾಗಿದೆ."

ಗೊತ್ತಿದ್ದರು ನನಗೆ ಅಂಥವರೊಬ್ಬರು:
ಟೈಮ್ ಆಫೀಸಿನ ಕೊಟ್ರಪ್ಪ.
ಎಲೆಯಡಿಕೆ ಬಾಯಲ್ಲೇ, ತಲೆ ಎತ್ತದೇ,
"ನಮ್ಮೋಳೇ, ಬಿಡಪ್ಪಾ" ಅಂದರೆ
ಗೇಟು ತಾನಾಗಿ ತೆರೆಯುತ್ತಿತ್ತು.
ಅವತ್ತು ಆತ ರಜೆ.
ಜ್ವರ ಬಂದು ಮಲಗಿದ್ದನಂತೆ.

ಮಿಲ್ಲಿನ ಚಿಮಣಿ ಈಗ ಬರೀ ಕಾಗೆಗಳಿಗೆ.
ನನಗೆ ಮಂಗಳವಾರಕ್ಕೊಮ್ಮೆ ಹಳದಿ ಗುಳಿಗೆ.
ಸಂಜೆ ಬತ್ತಿ ಹೊಸೆಯಲು ಕೂರುತ್ತೇನೆ,
ಹತ್ತಿ ಸುತ್ತಿಕೊಳ್ಳುವುದಿಲ್ಲ, ಬೆರಳು ಸುಡುತ್ತದೆ.
ಒಳಗೆ ಯಾರೋ ಇನ್ನೂ ನಿಂತಿದ್ದಾರೆ,
ನಿಯತ್ತಿನ ಮನುಷ್ಯ,
ಹಸಿದಿದ್ದಾನೆ, ನಿದ್ದೆಯಿಲ್ಲ.

ಅವನಿಗೆ ಕೇಳುವಷ್ಟು ಮೆಲ್ಲಗೆ ಹೇಳುತ್ತೇನೆ:
ನಾನೇ.
ಬಿಡು, ಅಪ್ಪಾ.