ಒಂದ ಪ್ಲಗ್ಗು

ಕಂಪನಿಯವರು ಕೈ ತೊಳಕೊಂಡು ಏಳು ವರ್ಷ ಆತು.
ಗುಳೇದಗುಡ್ಡದ ನಮ್ಮ ಸ್ಟುಡಿಯೋದಾಗ
ಆ ಸಾಫ್ಟ್‌ವೇರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.
ಆ ಕಂಪ್ಯೂಟರಿಗೆ ನಾ ನೆಟ್ಟ ಕೊಟ್ಟಿಲ್ಲ.

ಮುಂಜಾನೆ ಚಾಲೂ ಮಾಡಿ, ಚಾ ಕುಡದು ಬಂದರ
ಆಗ ತೆರಕೊಂತೈತಿ, ಮುದುಕ ಕೆಮ್ಮಿ ಎದ್ದಂಗ.
'ಬಿಡ್ರಿ ಕಾಕಾ ಅದನ್ನ' ಅಂತಾನ ದಾವಲ,
'ಹೊಸಾದರಾಗ ಒಂದ ಸಲ ಒತ್ತಿದರ ಮಾರಿ ತೊಳದಿಟ್ಟಂಗ.
ತಿಂಗಳಾ ಬಾಡಗಿ ಕಟ್ಟಬೇಕು, ಅಷ್ಟ.'
ಖರೇನ. ಪಾಸ್‌ಪೋರ್ಟ್ ಫೋಟೋ ಎಲ್ಲಾ
ಅವನ ಕಡೇನ ಬಿಟ್ಟೀನಿ.

ಮೊನ್ನೆ ಗುರುಬಸವ್ವನ ಫೋಟೋ ಅದರಾಗ ಹಾಕಿದ್ದ.
ಗದ್ದದ ಹಚ್ಚಿಬಟ್ಟು ಕಲೆ ಅಂತ ಒರಿಸಿತ್ತು.
ಕುಪ್ಪಸದ ಖಣದಾಗಿನ ಸಣ್ಣ ಹೂವೆಲ್ಲಾ
ಧೂಳು ಅಂತ ಝಾಡಿಸಿತ್ತು.
ನಲವತ್ತು ವರ್ಷ ಮಗ್ಗದ ಕುಣಿಯಾಗ ಕಾಲಿಟ್ಟಾಕಿ
ಕಣ್ಣಿಗೆ ಹತ್ತಿರ ಹಿಡಿದು ಕೇಳಿದಳು,
'ಮಾರಿ ಯಾರದರ ಇರಲೆಪಾ,
ಈ ಖಣ ಯಾವ ಮಗ್ಗದ್ದು?'

ಹಳೇ ಫೈಲು ಹೊಸಾದರಾಗೂ ತೆರೀತಾವು.
ಪದರು ಮಾತ್ರ ಕಲಸಿ ಒಂದಾಗಿ ಬಿಡ್ತಾವು.
ನನ್ನ ಕಡೆ ಒಂದು ಜೋಡಿ ಫೋಟೋ ಐತಿ.
'ಅವನ್ನ ತಗೀರಿ' ಅಂದಿದ್ದಳು ಆಕಿ,
ಕೋರ್ಟಿನಿಂದ ಸೀದಾ ಬಂದು, ಚಪ್ಪಲಿ ಸುದ್ದಾ ಕಳೀದ.
ನಾ ಅಳಿಸಲಿಲ್ಲ.
ಅವನಿದ್ದ ಪದರಿನ ಕಣ್ಣಷ್ಟ ಮುಚ್ಚಿದೆ.
ಹಿಂದ ಖಾಲಿ ಗ್ವಾಡಿ ಬಳದು ಕೊಟ್ಟೆ.
ಹನ್ನೊಂದು ವರ್ಷ. ಆಕಿ ಮತ್ತ ಕೇಳಿಲ್ಲ.
ಕೇಳೋದೂ ಇಲ್ಲ, ಗೊತ್ತೈತಿ.

ಇವತ್ತ ದಾವಲ ಹೊಸಾ ಕಂಪ್ಯೂಟರ್ ತಂದು
ಬಾಜೂಕ ಇಟ್ಟಾನ. ಸರದು ಜಾಗಾ ಕೊಟ್ಟೆ.
ಗ್ವಾಡಿಗೆ ಇರೂದು ಒಂದ ಪ್ಲಗ್ಗು.
ಸದ್ಯಾಕ
ಪಾಳಿ ಹಚ್ಚೀವಿ.