ಎಪ್ಪತ್ತನಾಲ್ಕು ಡೆಸಿಬೆಲ್

ಕಾಗದದಲ್ಲಿ ಇಬ್ಬರ ಹೆಸರೂ ಇತ್ತು.
ಹಾಗಾಗಿ ಇಬ್ಬರೂ ಹೊರಡಬೇಕಾಯಿತು,
ಗೆಂಟ್‌ನಿಂದ ಟ್ಯೂರಿನ್‌ವರೆಗೆ,
ಸಾಸಿವೆ ಬಣ್ಣದ ಎರಡೇ ಸೀಟಿನ ಕಾರನ್ನು
ಕೊಂಡವನ ಕೈಗೆ ಒಪ್ಪಿಸಿ ಬರಲು.
ಮನೆ, ಬೆಕ್ಕು, ಕಾಫಿ ಯಂತ್ರ
ಮಾರ್ಚಿನಲ್ಲೇ ಪಾಲಾಗಿದ್ದವು.
ಇದೊಂದು ಉಳಿದಿತ್ತು, ಹಂಚಲು ಬಾರದ್ದು.

ಲೀವನ್ ಓಡಿಸುತ್ತಿದ್ದ. ನಾನು ಪಕ್ಕದಲ್ಲಿ,
ನೆಲದಿಂದ ಗೇಣು ಮೇಲೆ, ಕಾಲು ನೀಡಿ,
ಬೆನ್ನುಹುರಿಯಿಂದಲೇ ರಸ್ತೆ ಓದುತ್ತ.
ಕಾರಲ್ಲ ಇದು, ಚರ್ಮ ಬಿಗಿದ ಮದ್ದಳೆ,
ಒಳಗೆ ಕೂತವರಿಗೆ ಮಾತ್ರ ಕೇಳುವಂಥದ್ದು.

ನಮೂರ್ ದಾಟಿದ್ದೇ ಕಾಂಕ್ರೀಟ್ ಹಲಗೆಗಳು.
ಟಕ್ ಟಕ್, ಟಕ್ ಟಕ್.
ಮುಂದಿನ ಗಾಲಿ ಹೇಳಿದ್ದನ್ನು
ಹಿಂದಿನ ಗಾಲಿ ಅನುಮಾನಪಟ್ಟು ಮತ್ತೆ ಹೇಳುತ್ತದೆ.
ಎರಡು ಬಿರುಕಿನ ನಡುವೆ ಅರ್ಧ ಉಸಿರಿನ ಜಾಗ;
ಅಷ್ಟರಲ್ಲಿ ಯಾವ ವಾಕ್ಯವೂ ಮುಗಿಯುವುದಿಲ್ಲ.

ಈ ಸದ್ದಿನ ಮೇಲೆ ಅವನು ಏಳು ವರ್ಷ ಯುದ್ಧ ಹೂಡಿದ್ದ.
ಸೀಟು ಕಿತ್ತು ಅಡಿಗೆ ಡಾಂಬರಿನ ಹಾಳೆ ಅಂಟಿಸಿದ,
ಬಾಗಿಲ ಹೊಟ್ಟೆಗೆ ಸ್ಪಂಜು ತುರುಕಿದ,
ಮೂರು ಸಲ ಟೈರು ಬದಲಿಸಿದ.
ಮೊದಲನೆಯವು ಗುಂಯ್‌ಗುಟ್ಟಿದವು, ಎರಡನೆಯವು ಗೊಣಗಿದವು,
ಮೂರನೆಯವು, ದುಬಾರಿಯವು, ಬರೀ ನಿಟ್ಟುಸಿರಿಟ್ಟವು.
ಭಾನುವಾರ ಸಂಜೆ ನನ್ನ ಕೈಗೆ ಫೋನು ಕೊಟ್ಟು
‘ನೂರಹತ್ತರಲ್ಲಿ ಹೋಗುತ್ತೇನೆ, ಅಂಕಿ ಓದು’ ಎನ್ನುತ್ತಿದ್ದ.
ಓದುತ್ತಿದ್ದೆ. ಎಪ್ಪತ್ತೆಂಟು. ಎಪ್ಪತ್ತಾರು. ಎಪ್ಪತ್ತನಾಲ್ಕು.
ಅಂಕಿ ಇಳಿದಷ್ಟೂ ನನಗೆ ದಿಗಿಲು.
ಎಪ್ಪತ್ತನಾಲ್ಕರಲ್ಲಿ ನನ್ನ ಓಲೆಯ ಕಿಣಿಕಿಣಿ ಕೇಳಿಸಿತು,
ಅವನು ಉಗುಳು ನುಂಗಿದ್ದು ಕೇಳಿಸಿತು,
ಒಂದು ಪ್ರಶ್ನೆ ಗಂಟಲವರೆಗೆ ಬಂದು
ವಾಪಸು ಇಳಿದ ಸಪ್ಪಳವೂ.
ಸಾಕು ಮಾಡು, ಸ್ವಲ್ಪ ಗದ್ದಲ ಇರಲಿ,
ಅದರ ಆಸರೆಯಲ್ಲೇ ನಾವು ಬಾಳುತ್ತಿರುವುದು
ಎಂದು ನಾನು ಹೇಳಲಿಲ್ಲ.

ಲಕ್ಸೆಂಬರ್ಗಿನ ಗಡಿಗೆ ಗೇಟಿಲ್ಲ, ಕಿವಿಗಷ್ಟೇ ಗೊತ್ತು:
ಟಕ್ ಟಕ್ ನಿಂತು ನುಣ್ಣನೆಯ ಹರಿವು.
ಮೆಟ್ಜ್ ಬಳಿ ಒರಟು ಜಲ್ಲಿ, ಬೀಸುಕಲ್ಲಿನ ಮೊರೆತ.
ದಿಜೋನ್ ಆಚೆ ಮಳೆ. ಟೈರಿನಡಿ ನೀರು ಸೀಳಿ
ಗಜಗಟ್ಟಲೆ ಕೋರಾ ಬಟ್ಟೆ ಹರಿದ ಹಾಗೆ.
ಪೆಟ್ರೋಲ್ ಬಂಕಿನಲ್ಲಿ ಇಳಿದರೆ
ಕಾಲು ನಿಂತಿವೆ, ಕಿವಿ ಇನ್ನೂ ಓಡುತ್ತಿದೆ.
ಸ್ಯಾಂಡ್‌ವಿಚ್ಚಿನ ಈರುಳ್ಳಿ ಆರಿಸಿ ತೆಗೆದು
ನನ್ನ ತಟ್ಟೆಗೆ ಹಾಕಿದ, ರೂಢಿಬಲದಿಂದ.
ಆಮೇಲೆ ಇಬ್ಬರೂ ಅದನ್ನು ನೋಡಿದೆವು.
ನಾನು ತಿಂದೆ.

ಫ್ರೆಜೂಸ್ ಸುರಂಗ. ಹದಿಮೂರು ಕಿಲೋಮೀಟರ್
ಬೆಟ್ಟದ ಹೊಟ್ಟೆ.
ನಮ್ಮ ಸದ್ದೇ ಗೋಡೆಗೆ ಬಡಿದು, ನಾಲ್ಕರಷ್ಟಾಗಿ
ನಮ್ಮ ಮಡಿಲಿಗೇ ಬಿತ್ತು.
ಅಲ್ಲಿ, ಆ ಭೋರ್ಗರೆತದ ನಟ್ಟನಡುವೆ,
ಎದುರಿನ ದೀಪಗಳನ್ನು ನೋಡುತ್ತ
ಹೇಳಿಬಿಟ್ಟೆ. ಎಲ್ಲವನ್ನೂ, ಅವಸರವಿಲ್ಲದೆ.
ಆಸ್ಪತ್ರೆಯ ಆ ಬುಧವಾರ.
ಅವನ ತಾಯಿಗೆ ನಾನು ಬರೆದ ಕಾಗದ.
ತಪ್ಪು ನನ್ನದೂ ಇತ್ತೆಂಬುದು.
ನನ್ನ ದನಿ ನನಗೇ ಕೇಳಲಿಲ್ಲ,
ದವಡೆ ಅಲ್ಲಾಡಿದ್ದಷ್ಟೇ ಗೊತ್ತು.

ಹೊರಬಿದ್ದೆವು. ಬಾರ್ದೊನೆಕ್ಕಿಯಾ, ಬಿಸಿಲು,
ಹೊಸದಾಗಿ ಹಾಸಿದ ರಸ್ತೆ, ಎಣ್ಣೆ ಸವರಿದಂತೆ.
ಟೈರುಗಳು ಬಾಯಿಗೆ ಬೀಗ ಹಾಕಿಕೊಂಡವು.
‘ಏನೋ ಅಂದೆಯಲ್ಲ’ ಎಂದ ಲೀವನ್.
‘ಹಿಂದಿನ ಎಡಗಾಲಿಗೆ ಗಾಳಿ ಕಡಿಮೆ, ಅಂದೆ.’
ತಲೆಯಾಡಿಸಿದ. ಎರಡು ತಿರುವು ಕಳೆದ ಮೇಲೆ,
ರಸ್ತೆಯಿಂದ ಕಣ್ಣು ಕೀಳದೆ:
‘ಬುಧವಾರವಲ್ಲ. ಅದು ಗುರುವಾರ.’

ಟ್ಯೂರಿನ್‌ನಲ್ಲಿ ಇವಾಲ್ಡೊ ಒಂದು ಸುತ್ತು ಹೋಗಿ ಬಂದು
‘ಗಾಲಿ ಸದ್ದು ಜಾಸ್ತಿ’ ಎಂದು ಮೂಗೆಳೆದ,
ಐನೂರು ಯೂರೋ ಬಿಡಿ ಎಂದ.
ಲೀವನ್ ಚೌಕಾಸಿಗೆ ಇಳಿಯಲಿಲ್ಲ.
‘ಇಂಥ ಕಾರು ಹಾಗೇ ಇರುತ್ತೆ’ ಎಂದ,
ಏಳು ವರ್ಷದಲ್ಲಿ ಮೊದಲ ಸಲ.
ಗ್ಯಾರೇಜಿನಲ್ಲಿ ಫ್ಯಾನು ಕೂಡ ತಿರುಗುತ್ತಿರಲಿಲ್ಲ.
ನಾನು ಸಹಿ ಮಾಡಿ ಪೆನ್ನು ದಾಟಿಸಿದೆ.
ಕಾಗದದ ಮೇಲೆ ಅದು ಕರಕರ ಸಾಗುವುದನ್ನು,
ಅವನ ಹೆಸರಿನ ಕೊನೆಯ ಅಕ್ಷರದವರೆಗೂ,
ಕೇಳುತ್ತ ನಿಂತೆ.